ಸ್ಟಾಂಪಿನ್ ಟಾಮ್ ಕಾನರ್ಸ್: ಗಡಿ ದಾಟಲು ಒಪ್ಪದ ಕಂಟ್ರಿ ಗಾಯಕ

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ‘ಕಂಟ್ರಿ ಸಂಗೀತ’ ಅಂದಾಗ ಕಂಟ್ರಿ ಎಂದರೆ ದೇಶ ಅಲ್ಲ, ಹಳ್ಳಿಗಾಡು. ಅಮೆರಿಕದ ದಕ್ಷಿಣದಲ್ಲಿ ಬೆಳೆದ ಸಂಗೀತ ಇದು. ಇದಕ್ಕೆ ನ್ಯಾಶ್‌ವಿಲ್ ಊರೇ ರಾಜಧಾನಿ ಇದ್ದ ಹಾಗೆ. ಕೆನಡಾದಲ್ಲಿ ಸ್ವಲ್ಪ ಹೆಸರು ಮಾಡಿದವರ ಕಣ್ಣು ಗಡಿಯಾಚೆಯ ಆ ದೊಡ್ಡ ಮಾರುಕಟ್ಟೆ ಮೇಲೆ ಬೀಳುವುದು ಸಹಜ. ಟಾಮ್ ಕಾನರ್ಸ್ ಮಾತ್ರ ಆ ಕಡೆ ತಲೆ ಹಾಕಲಿಲ್ಲ. ‘ಪ್ರಾದೇಶಿಕ ಕಲಾವಿದ’ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಹುಟ್ಟಿದ್ದು 1936ರಲ್ಲಿ, ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಸೇಂಟ್ ಜಾನ್ ಊರಿನಲ್ಲಿ. ಬಡತನದಿಂದಾಗಿ ತಾಯಿಯಿಂದ ದೂರವಾಗಿ, ಪ್ರಿನ್ಸ್ ಎಡ್ವರ್ಡ್ ದ್ವೀಪದ ಸ್ಕಿನ್ನರ್ಸ್ ಪಾಂಡ್ ಎಂಬ ಹಳ್ಳಿಯ ಮನೆಗೆ ದತ್ತು ಹೋದರು. ಹದಿಹರೆಯದಲ್ಲೇ ಅಲ್ಲಿಂದಲೂ ಓಡಿದರು. ಆಮೇಲೆ ವರ್ಷಗಟ್ಟಲೆ ಇದೇ ಬದುಕು: ಕೈಯಲ್ಲಿ ಗಿಟಾರ್, ರಸ್ತೆ ಬದಿ ಕೈ ತೋರಿಸಿ ಸಿಕ್ಕ ಗಾಡಿ ಹತ್ತುವುದು, ಇಳಿದ ಊರಲ್ಲಿ ಸಿಕ್ಕ ಕೂಲಿ ಮಾಡುವುದು.

1964ರಲ್ಲಿ ಒಂಟಾರಿಯೊದ ಗಣಿ ಊರು ಟಿಮ್ಮಿನ್ಸ್‌ಗೆ ಬಂದರು. ಅಲ್ಲಿನ ಮೇಪಲ್ ಲೀಫ್ ಹೋಟೆಲ್‌ನಲ್ಲಿ ಒಂದು ಬಿಯರ್ ಕೇಳಿದರೆ ಜೇಬಿನಲ್ಲಿ ಐದು ಸೆಂಟ್ ಕಮ್ಮಿ. ‘ಒಂದೆರಡು ಹಾಡು ಹಾಡು, ಬಿಯರ್ ಕೊಡ್ತೀನಿ’ ಎಂದ ಬಾರಿನವನು. ಹಾಡಿದರು. ಅಲ್ಲೇ ಒಂದು ವರ್ಷಕ್ಕೂ ಜಾಸ್ತಿ ಹಾಡುತ್ತಾ ಉಳಿದರು.

ಬಾರಿನ ಗದ್ದಲದಲ್ಲಿ ಒಬ್ಬನೇ ಗಿಟಾರ್ ಹಿಡಿದು ನಿಂತರೆ ತಾಳ ಯಾರಿಗೆ ಕೇಳಬೇಕು? ಡ್ರಮ್ ಇಲ್ಲ. ಅದಕ್ಕೇ ಎಡಗಾಲಿನ ಬೂಟಿನಿಂದ ನೆಲಕ್ಕೆ ಜೋರಾಗಿ ಬಡಿಯತೊಡಗಿದರು. ನೆಲ ಹಾಳಾಗುತ್ತೆ ಎಂದು ಕಾಲಡಿಗೆ ಪ್ಲೈವುಡ್ ತುಂಡು ಬಂತು. ಹಿಮ್ಮಡಿಯ ಏಟಿಗೆ ಅದರಿಂದ ಮರದ ಚೂರು ಹಾರುತ್ತಿತ್ತು. ಅದನ್ನು ನೋಡಲೆಂದೇ ಜನ ಬರತೊಡಗಿದರು. 1967ರ ಜುಲೈ 1, ಅಂದರೆ ಕೆನಡಾಕ್ಕೆ ನೂರು ತುಂಬಿದ ದಿನ, ಪೀಟರ್‌ಬರೋ ಊರಿನ ಬಾರಿನಲ್ಲಿ ಮಾಣಿಯೊಬ್ಬ ಅವರನ್ನು ‘ಸ್ಟಾಂಪಿನ್ ಟಾಮ್’ ಎಂದು ಕರೆದ. ಕಾಲು ಅಪ್ಪಳಿಸುವ ಟಾಮ್ ಎಂದರ್ಥ. ಅಂಚೆ ಸ್ಟಾಂಪ್ ಅಲ್ಲ! (ತಮಾಷೆ ಅಂದ್ರೆ, 2009ರಲ್ಲಿ ಅದೂ ಆಯಿತು: ಕೆನಡಾ ಅವರ ಅಂಚೆಚೀಟಿ ತಂದಿತು.)

ಈಗ ಮುಖ್ಯ ಪ್ರಶ್ನೆ. ಜನ ಯಾಕಷ್ಟು ಹಚ್ಚಿಕೊಂಡರು? ಹಾಡಿನಲ್ಲಿ ಯಾವ ಊರು ಬರುತ್ತೆ ನೋಡಿ. ‘ಬಡ್ ದ ಸ್ಪಡ್’ನಲ್ಲಿ ತಮ್ಮ ದ್ವೀಪದ ಆಲೂಗಡ್ಡೆ ಹೇರಿಕೊಂಡು ಹೊರಟ ಲಾರಿ ಡ್ರೈವರ್. ‘ಟಿಲ್ಸನ್‌ಬರ್ಗ್’ನಲ್ಲಿ ಹೊಗೆಸೊಪ್ಪಿನ ಹೊಲದ ಕೂಲಿ, ಆ ಕೂಲಿಯನ್ನು ಅವರೇ ಮಾಡಿದ್ದರು. ‘ಸಡ್‌ಬರಿ ಸ್ಯಾಟರ್ಡೇ ನೈಟ್’ನಲ್ಲಿ ವಾರವೆಲ್ಲ ದುಡಿದ ನಿಕ್ಕಲ್ ಗಣಿಯವರ ಕುಡಿತದ ಸಂಜೆ. ನಮ್ಮೂರಿನ ಹೆಸರು ಹಾಡಿನಲ್ಲಿ ಕೇಳಿದರೆ ಕಿವಿ ನೆಟ್ಟಗಾಗುತ್ತೆ, ಅಲ್ವಾ? ಅವರು ಅದನ್ನು ಒಂದಾದ ಮೇಲೊಂದು ಊರಿಗೆ ಮಾಡಿದರು. ಸಾಹಿತ್ಯ ಕೆಲವು ಕಡೆ ಒರಟು, ಪ್ರಾಸ ಎಳೆದು ತಂದದ್ದು. ಬಾರಿನಲ್ಲಿ ಕೂತವರಿಗೆ ಅದು ಕುಂದು ಎನಿಸಲೇ ಇಲ್ಲ.

ಕಾಲವೂ ಕೂಡಿ ಬಂತು. ರೇಡಿಯೊಗಳು ನುಡಿಸುವ ಸಂಗೀತದಲ್ಲಿ 30% ಕೆನಡಾದ್ದೇ ಇರಬೇಕು ಎಂಬ ನಿಯಮ 1971ರಲ್ಲಿ ಬಂತು. ಅದೇ ವರ್ಷದಿಂದ 1975ರವರೆಗೆ ಸತತ ಐದು ಸಲ ಕಂಟ್ರಿ ಗಾಯಕನಿಗೆ ಕೊಡುವ ಜೂನೊ (ಕೆನಡಾದ ಸಂಗೀತ ಪ್ರಶಸ್ತಿ) ಅವರಿಗೇ. ಆಲ್ಬಮ್‌ಗೆ ಇನ್ನೊಂದು. ಒಟ್ಟು ಆರು. 1978ರಲ್ಲಿ ಆರನ್ನೂ ವಾಪಸ್ ಕಳಿಸಿದರು! ಅಮೆರಿಕದಲ್ಲಿ ನೆಲೆ ಮಾಡಿಕೊಂಡವರಿಗೆ ಕೆನಡಾದ ಪ್ರಶಸ್ತಿ ಯಾಕೆ ಎಂಬುದು ಅವರ ಸಿಟ್ಟು. ಸಿಟ್ಟು ತೋರಿಸಿ ಸುಮ್ನೆ ಇರಲಿಲ್ಲ, ಸುಮಾರು ಹತ್ತು ವರ್ಷ ವೇದಿಕೆಯಿಂದಲೇ ದೂರ ಉಳಿದರು. ಬಹಳ ಜನ ಗಾಯಕರಿಗೆ ಅಷ್ಟು ದಿನ ಮರೆಯಾದರೆ ಮುಗಿಯಿತು. ಇವರು 1988ರಲ್ಲಿ ಹೊಸ ಆಲ್ಬಮ್‌ನೊಂದಿಗೆ ಬಂದಾಗ ಕೇಳುಗರು ಇದ್ದಲ್ಲೇ ಇದ್ದರು.

ಇಸವಿಗಳಲ್ಲಿ ಒಂದು ಕಡೆ ಎಡವಬೇಡಿ. ‘ದ ಹಾಕಿ ಸಾಂಗ್’ 1970ರ ದಶಕದ ಶುರುವಿನ ಹಾಡು. ಆದರೆ ಐಸ್ ಹಾಕಿ ಪಂದ್ಯಗಳಲ್ಲಿ ಅದು ಮೊಳಗತೊಡಗಿದ್ದು 1992ರ ಆಸುಪಾಸಿನಲ್ಲಿ, ಒಟ್ಟಾವಾ ಸೆನೇಟರ್ಸ್ ತಂಡದ ಅಂಗಳದಲ್ಲಿ. ಇವತ್ತು ಅವರ ಹೆಸರು ಗೊತ್ತಿಲ್ಲದವರಿಗೂ ಆ ಹಾಡು ಗೊತ್ತು.

2013ರ ಮಾರ್ಚ್‌ನಲ್ಲಿ, 77ನೇ ವಯಸ್ಸಿನಲ್ಲಿ ತೀರಿಕೊಂಡರು. ಅಂತಿಮ ನಮನಕ್ಕೆ ಜನ ಸೇರಿದ್ದು ಅವರಿಗೆ ಹೆಸರಿಟ್ಟ ಪೀಟರ್‌ಬರೋದಲ್ಲೇ, ಒಂದು ಹಾಕಿ ಅಂಗಳದಲ್ಲಿ.