ಮೆಣಸಿನ ಹೇರಿನಲ್ಲಿ ದೇವರ ಪಾಲು

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಹನ್ನೆರಡನೆಯ ಶತಮಾನದಲ್ಲಿ ‘ಬನವಾಸಿ ಹನ್ನೆರಡು ಸಾವಿರ’ ಎಂಬ ನಾಡಿನ ರಾಜಧಾನಿ. ಅಲ್ಲಿ ಹರಿ, ಹರ, ಬ್ರಹ್ಮ, ಜಿನ, ಬುದ್ಧ ಐವರಿಗೂ ಮಠಗಳಿದ್ದವೆಂದು ಶಾಸನ ಹೇಳುತ್ತದೆ. ಇದನ್ನು ಧರ್ಮಸಮನ್ವಯವೆಂದು ಕೊಂಡಾಡುವವರು ಬಹಳ. ಅವರು ಹೇಳುವುದು ಸುಳ್ಳಲ್ಲ. ಆದರೆ ಇಷ್ಟು ದೇವರ ದೀಪಕ್ಕೆ ಎಣ್ಣೆ ಎಲ್ಲಿಂದ ಬಂತು ಎಂದು ಕೇಳಿದವರು ಕಡಿಮೆ.

ಮಲೆನಾಡು ಇಳಿದು ಬಯಲುಸೀಮೆ ಶುರುವಾಗುವ ಅಂಚಿನಲ್ಲಿದೆ ಬಳ್ಳಿಗಾವಿ. ಮೆಣಸು, ಏಲಕ್ಕಿ, ಅಡಿಕೆ ಮಳೆಯ ಸೀಮೆಯವು. ಹತ್ತಿ ಮತ್ತು ಜೋಳ ಬಯಲಿನವು. ಉಪ್ಪು ಘಟ್ಟದ ಕೆಳಗಿನದು. ಒಬ್ಬರಲ್ಲಿದ್ದುದು ಇನ್ನೊಬ್ಬರಲ್ಲಿಲ್ಲ. ಹಾಗಾಗಿ ಹೇರು ಹೊತ್ತ ಎತ್ತುಗಳು ಘಟ್ಟ ಹತ್ತಿಳಿಯುತ್ತಲೇ ಇರಬೇಕಿತ್ತು. ಅಯ್ಯಾವೊಳೆ ಐನೂರ್ವರಂಥ ವರ್ತಕ ಸಂಘಗಳು ರಾಜ್ಯದ ಗಡಿ ಲೆಕ್ಕಿಸದೆ ಸಂಚರಿಸುತ್ತಿದ್ದವು, ಕಾವಲಿಗೆ ತಮ್ಮದೇ ಆಳುಗಳನ್ನು ಇಟ್ಟುಕೊಂಡಿದ್ದವು. ರಾಜನಿಗೆ ಈ ದಾರಿಯ ಸುಂಕ ಬೇಕು. ವರ್ತಕನಿಗೆ ಬೇಕಾದದ್ದು ಆ ಸುಂಕ ನಾಳೆಯೂ ಇಷ್ಟೇ ಇರುತ್ತದೆಂಬ ಭರವಸೆ. ಅದನ್ನು ಕೊಡುವವರು ಯಾರು? ರಾಜನ ಮಾತು ರಾಜನಿರುವ ತನಕ.

ದೇವರು ಇಲ್ಲಿ ಕೆಲಸಕ್ಕೆ ಬಂದ. ಈ ಸೀಮೆಯ ದಾನಶಾಸನಗಳನ್ನು ಓದಿದರೆ ಭಕ್ತಿಗಿಂತ ಲೆಕ್ಕವೇ ಮುಂದೆ ನಿಲ್ಲುತ್ತದೆ: ವೀಳ್ಯದೆಲೆಯ ಹೇರಿಗೆ ಇಷ್ಟು ಎಲೆ, ಮೆಣಸಿನ ಹೇರಿಗೆ ಇಷ್ಟು ಮೆಣಸು, ಗಾಣಕ್ಕೆ ಒಂದು ಸೊಲ್ಲಗೆ (ಒಂದು ಸಣ್ಣ ಅಳತೆ) ಎಣ್ಣೆ. ಸುಂಕದ ಅಧಿಕಾರಿಗಳೂ ಸೆಟ್ಟಿಗಳೂ ಕೂಡಿ ಒಪ್ಪಿ ಕಲ್ಲಿಗೆ ಹೊಡೆಸಿದ ಕರಾರು ಅದು. ಕೊನೆಗೆ ಶಾಪ: ಕೊಟ್ಟದ್ದನ್ನು ಕಿತ್ತುಕೊಂಡವನು ಅರುವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆ. ದಂಡ ವಿಧಿಸುವ ಅರಸ ಸತ್ತರೂ ಈ ದಂಡನೆ ಸಾಯುವುದಿಲ್ಲ! ಬಳ್ಳಿಗಾವಿಯಲ್ಲಿ ದಾನದ ಭೂಮಿ ಅಳೆಯುವ ಕೋಲಿಗೂ ‘ಭೇರುಂಡ ಗಳೆ’ ಎಂಬ ಗೊತ್ತಾದ ಹೆಸರಿತ್ತು. 1047ರಲ್ಲಿ ಬನವಾಸಿಯ ಮಾಂಡಲಿಕ ಚಾವುಂಡರಾಯರಸ ನಿಲ್ಲಿಸಿದ, ಅದೇ ಹೆಸರಿನ ಎರಡು ತಲೆಯ ಹಕ್ಕಿಯ ಗಂಡಭೇರುಂಡ ಸ್ತಂಭ ಇಂದಿಗೂ ಅಲ್ಲೇ ಇದೆ.

ಇನ್ನು ಹಣ ಏನಾಯಿತು? ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠದ 1162ರ ಶಾಸನ ನೋಡಿ. ಕಾಳಾಮುಖ ಶೈವರ ಈ ಮಠದಲ್ಲಿ ವ್ಯಾಕರಣ, ಷಡ್ದರ್ಶನ, ಕಾವ್ಯ, ನಾಟಕಗಳ ಪಾಠ ನಡೆಯುತ್ತಿತ್ತು. ಕುರುಡರು, ಕುಂಟರು, ಕಿವುಡರು, ಅನಾಥರಿಗೆ ಅನ್ನ ಸಿಗುತ್ತಿತ್ತು. ರೋಗಿಗಳಿಗೆ ಚಿಕಿತ್ಸೆಯೂ ಇತ್ತು. ಒಂದೇ ಅಂಗಳದಲ್ಲಿ ಕಾಲೇಜು, ಛತ್ರ, ಆಸ್ಪತ್ರೆ. ಚಾಲುಕ್ಯರ ಕೈಯಿಂದ ನಾಡು ಕಳಚುರಿಗಳಿಗೆ ಹೋಯಿತು, ಮುಂದೆ ಹೊಯ್ಸಳರಿಗೆ. ಮೂವರೂ ಇದೇ ಮಠಕ್ಕೆ ದತ್ತಿ ಬಿಟ್ಟರು. ಗೆದ್ದವನು ಊರಿನ ವರ್ತಕರ ಒಪ್ಪಿಗೆ ಪಡೆಯಲು ಅದಕ್ಕಿಂತ ಅಗ್ಗದ ದಾರಿ ಇರಲಿಲ್ಲ ಎಂದು ನನ್ನ ಅನಿಸಿಕೆ.

ಕೆಲವೊಮ್ಮೆ ಅರಸನಿಗಿಂತ ಸೆಟ್ಟಿಯ ಕೈಯೇ ಧಾರಾಳ. ಸಾಂತರ ಅರಸರ ರಾಜಧಾನಿ ಹೊಂಬುಜದಲ್ಲಿ (ಇಂದಿನ ಹುಂಚ) 1062ರ ಸುಮಾರಿಗೆ ಬಸದಿ ಕಟ್ಟಿಸಿದವನು ಪಟ್ಟಣಸ್ವಾಮಿ ನೊಕ್ಕಯ್ಯ ಸೆಟ್ಟಿ. ಪಟ್ಟಣಸ್ವಾಮಿ ಎಂದರೆ ಊರಿನ ವರ್ತಕರ ಮುಖ್ಯಸ್ಥ. ಬಸದಿ ಅವನಿಗೆ ಪುಣ್ಯವೂ ಹೌದು, ಪತ್ತಿನ ಗುರುತೂ ಹೌದು.

ಮುಂದಿನ ಶತಮಾನಗಳಲ್ಲಿ ಕಾಳಾಮುಖರು ಮರೆಯಾದರು, ವೀರಶೈವ ಬೇರೂರಿತು, ಬಳ್ಳಿಗಾವಿ ಹಳ್ಳಿಯಾಯಿತು. ಘಟ್ಟದ ದಾರಿಯ ಸರಕು ಮಾತ್ರ ನಿಲ್ಲಲಿಲ್ಲ. ಕೆಳದಿಯ ನಾಯಕರು ವೀರಶೈವರು. ಶೃಂಗೇರಿಗೂ ಉದಾರವಾಗಿ ದಾನ ಕೊಟ್ಟರು. ಅವರ ಬೊಕ್ಕಸ ತುಂಬಿದ್ದು ಮೆಣಸಿನಿಂದ, ಕರಾವಳಿಯ ಅಕ್ಕಿಯಿಂದ. ಆ ಸರಕು ಹಡಗು ಹತ್ತುವ ಬಂದರುಗಳ ಮೇಲೆ ಪೋರ್ಚುಗೀಸರು ಹಿಡಿತ ಬಿಗಿ ಮಾಡಿದ್ದರು. 1650ರ ದಶಕದಲ್ಲಿ ಶಿವಪ್ಪನಾಯಕ ಬಸರೂರು, ಹೊನ್ನಾವರಗಳ ಕೋಟೆಗಳಿಂದ ಅವರನ್ನು ಹೊರದಬ್ಬಿದ.