ಮೊದಲ ಮಿರರ್‌ಲೆಸ್ ಕ್ಯಾಮೆರಾ: ಬೆಳಕಿನ ಲೆಕ್ಕ ಹಾಕಿ ಕೊಳ್ಳಿ

ಫೋಟೋಗ್ರಫಿ ಕಲಿಯಹೊರಟವರ ಕಣ್ಣು ಬೀಳುವ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಗಳಲ್ಲಿ ಕ್ಯಾನನ್ ಇಓಎಸ್ ಆರ್50 ಒಂದು. 2023ರಲ್ಲಿ ಬಂದದ್ದು, 24 ಮೆಗಾಪಿಕ್ಸೆಲ್, ಬ್ಯಾಟರಿ ಮತ್ತು ಕಾರ್ಡು ಸೇರಿ 375 ಗ್ರಾಂ ತೂಕ. ಜೊತೆಗೆ 18-45 ಮಿ.ಮೀ. ಕಿಟ್ ಲೆನ್ಸ್ ಕೊಡುತ್ತಾರೆ. ಆಸೆಯಿಂದ ಕೊಂಡವರು ಮದುವೆ ಛತ್ರಕ್ಕೆ ಒಯ್ದು ಆರತಕ್ಷತೆಯ ಫೋಟೋ ತೆಗೆದರೆ, ಪಕ್ಕದಲ್ಲಿ ನಿಂತವರ ದುಬಾರಿ ಮೊಬೈಲಿನಲ್ಲೇ ಚಿತ್ರ ಇನ್ನೂ ಚೆನ್ನಾಗಿ ಬಂದಿರುವುದುಂಟು. ಎಷ್ಟೋ ಜನ ಅಲ್ಲಿಗೇ ಕೈಬಿಡುತ್ತಾರೆ. ತಪ್ಪು ಅವರದಲ್ಲ.

ಲೆಕ್ಕ ಹಾಕಿ ನೋಡೋಣ. ಆರ್50ರ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್, 22.3 ಮಿ.ಮೀ. ಅಗಲ, 14.9 ಮಿ.ಮೀ. ಎತ್ತರ. ಮೇಲ್ದರ್ಜೆಯ ಮೊಬೈಲುಗಳ ಮುಖ್ಯ ಸೆನ್ಸರ್ ಸುಮಾರು 9.8 ಮಿ.ಮೀ. ಅಗಲ, 7.3 ಮಿ.ಮೀ. ಎತ್ತರ. ಅಂದರೆ ಕ್ಯಾಮೆರಾದ ಸೆನ್ಸರ್ ವಿಸ್ತೀರ್ಣದಲ್ಲಿ ನಾಲ್ಕೂವರೆ ಪಟ್ಟು ದೊಡ್ಡದು. ಆದರೆ ಮೊಬೈಲಿನ ಲೆನ್ಸ್ ಎಫ್/1.7ರಷ್ಟು ತೆರೆದಿರುತ್ತದೆ (ಈ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆದಿದೆ ಎಂದರ್ಥ), ಕಿಟ್ ಲೆನ್ಸ್ 18 ಮಿ.ಮೀ.ನಲ್ಲಿ ಎಫ್/4.5ಕ್ಕಿಂತ ಹೆಚ್ಚು ತೆರೆಯದು. ಈ ವ್ಯತ್ಯಾಸದಿಂದ ಸೆನ್ಸರಿನ ಪ್ರತಿ ಚದರ ಮಿ.ಮೀ. ಮೇಲೆ ಮೊಬೈಲಿನಲ್ಲಿ ಏಳು ಪಟ್ಟು ಹೆಚ್ಚು ಬೆಳಕು ಬೀಳುತ್ತದೆ. ಒಟ್ಟಾರೆ ಕೂಡಿ ಕಳೆದರೆ, ಗೆಲ್ಲುವುದು ಮೊಬೈಲೇ. ಮೇಲಾಗಿ ಅದು ಹಲವು ಫ್ರೇಮುಗಳನ್ನು ಬೆಸೆದು ಒಂದೇ ಚಿತ್ರ ಮಾಡುತ್ತದೆ.

ಕಿಟ್ ಲೆನ್ಸನ್ನು 45 ಮಿ.ಮೀ.ಗೆ ಜೂಮ್ ಮಾಡಿದರೆ ಅಪರ್ಚರ್ ಎಫ್/6.3ಕ್ಕೆ ಇಳಿಯುತ್ತದೆ, ಬೆಳಕು ಒಳಬರುವ ದಾರಿಯ ವ್ಯಾಸ ಬರೀ 7 ಮಿ.ಮೀ. ಅದನ್ನು ತೆಗೆದು 50 ಮಿ.ಮೀ. ಎಫ್/1.8 ಲೆನ್ಸ್ ಹಾಕಿ. ದಾರಿ ಸುಮಾರು 28 ಮಿ.ಮೀ. ಆಯಿತು, ಹತ್ತು ರೂಪಾಯಿ ನಾಣ್ಯಕ್ಕಿಂತ ತುಸುವೇ ದೊಡ್ಡದು. ಸೆನ್ಸರಿಗೆ ಹನ್ನೆರಡು ಪಟ್ಟು ಬೆಳಕು. ಕಿಟ್ ಲೆನ್ಸಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 12800ಕ್ಕೆ ಏರಿಸಿ, ಚಿತ್ರವೆಲ್ಲ ಮರಳು ಚೆಲ್ಲಿದಂತಾಗುವ ಕಡೆ, ಇಲ್ಲಿ 1000 ಸಾಕು. ಹಾಗಾಗಿ ನನ್ನ ಮಟ್ಟಿಗೆ ಆರ್50ರ ಬೆಲೆ ಎಂದರೆ ಬಾಡಿ ಮತ್ತು ಈ ಪುಟ್ಟ ಲೆನ್ಸ್ ಎರಡೂ ಸೇರಿದ ಬೆಲೆ. ಬಜೆಟ್ ಬಿಗಿಯಿದ್ದರೆ ಕಿಟ್ ಲೆನ್ಸ್ ಬಿಟ್ಟರೂ ಚಿಂತೆಯಿಲ್ಲ, ಇದನ್ನು ಬಿಡಬೇಡಿ. ಒಂದು ತೊಡಕುಂಟು: ಈ ಸೆನ್ಸರಿನ ಮೇಲೆ 50 ಮಿ.ಮೀ. ಲೆನ್ಸಿನ ನೋಟ, ಇದಕ್ಕಿಂತ ದೊಡ್ಡದಾದ ಫುಲ್‌ಫ್ರೇಮ್ ಸೆನ್ಸರಿನ ಮೇಲೆ 80 ಮಿ.ಮೀ. ಲೆನ್ಸ್ ಕೊಡುವಷ್ಟು ಕಿರಿದು. ಮುಖಚಿತ್ರಕ್ಕೆ ಸೊಗಸು, ಮನೆಯ ನಡುಕೋಣೆಯಲ್ಲಿ ಇಡೀ ಕುಟುಂಬವನ್ನು ಹಿಡಿಯಲು ಜಾಗ ಸಾಲದು.

ಇಷ್ಟು ಅಗಲ ತೆರೆದ ಲೆನ್ಸಿನಲ್ಲಿ ಫೋಕಸ್ ಆಗುವ ಪದರ ಬಹಳ ತೆಳು. ಹತ್ತಿರದಿಂದ ತೆಗೆದರೆ ರೆಪ್ಪೆ ಸ್ಪಷ್ಟವಿದ್ದು ಕಿವಿ ಮಸುಕಾಗುತ್ತದೆ. ಒಳಗೆ ಕನ್ನಡಿಯಿದ್ದ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಫೋಕಸ್ ನೋಡಲೆಂದೇ ಕನ್ನಡಿಯ ಕೆಳಗೆ ಬೇರೊಂದು ಸೆನ್ಸರ್ ಇರುತ್ತಿತ್ತು, ಅದರ ಬಿಂದುಗಳು ಹೆಚ್ಚಾಗಿ ಚಿತ್ರದ ನಡುವೆಯೇ. ಕಲಿಯುವವರು ಕಣ್ಣಿಗೆ ಗುರಿಯಿಟ್ಟರೆ ಮೂಗಿಗೆ ಬೀಳುತ್ತಿತ್ತು. ಮಿರರ್‌ಲೆಸ್ಸಿನಲ್ಲಿ ಆ ಕೆಲಸವೂ ಚಿತ್ರ ಹಿಡಿಯುವ ಸೆನ್ಸರಿನದೇ. ಕ್ಯಾನನ್ ಇದರ ಪ್ರತಿ ಪಿಕ್ಸೆಲ್ಲನ್ನು ಎರಡು ಫೋಟೋಡಯೋಡ್‌ಗಳಾಗಿ ಸೀಳಿದೆ. ಒಂದು ಲೆನ್ಸಿನ ಎಡಭಾಗದಿಂದ ಬಂದ ಬೆಳಕನ್ನು ನೋಡಿದರೆ ಇನ್ನೊಂದು ಬಲಭಾಗದ್ದನ್ನು. ಎರಡೂ ಚಿತ್ರ ಕೂಡಿಕೊಂಡರೆ ಫೋಕಸ್ ಸರಿ. ಕೂಡದಿದ್ದರೆ ಎತ್ತ ಸರಿದಿದೆ, ಎಷ್ಟು ಸರಿದಿದೆ ಎಂಬುದರಿಂದಲೇ ಲೆನ್ಸನ್ನು ಯಾವ ಕಡೆ ಎಷ್ಟು ತಿರುಗಿಸಬೇಕೆಂದು ತಿಳಿಯುತ್ತದೆ. ಇದರ ಮೇಲೆ ಕಣ್ಣು ಗುರುತಿಸುವ ಸಾಫ್ಟ್‌ವೇರ್ ಕೂತಿದೆ. ಓಡಾಡುವ ಮಗುವಿನ ಕಣ್ಣಿನ ಮೇಲೆ ಆ ಪುಟ್ಟ ಚೌಕ ಅಂಟಿಕೊಂಡೇ ಸಾಗುವುದನ್ನು ಸ್ಕ್ರೀನಿನಲ್ಲಿ ನೋಡುವುದೇ ಚೆಂದ. ಆರಂಭಿಕರು ಎಫ್/1.8ನ್ನು ಧೈರ್ಯವಾಗಿ ಬಳಸಬಹುದಾದದ್ದು ಇದರಿಂದ.

ಕೊರತೆಗಳೂ ಇವೆ. ಬಾಡಿಯೊಳಗೆ ಕೈನಡುಕ ಸರಿದೂಗಿಸುವ ವ್ಯವಸ್ಥೆಯಿಲ್ಲ, 50 ಮಿ.ಮೀ. ಲೆನ್ಸಿನಲ್ಲೂ ಇಲ್ಲ, ಶಟರ್ ಸ್ಪೀಡನ್ನು (ಸೆನ್ಸರ್ ಬೆಳಕು ಹಿಡಿಯುವ ಅವಧಿ) 1/125 ಸೆಕೆಂಡಿಗಿಂತ ಕೆಳಗಿಳಿಸದಿದ್ದರೆ ಒಳ್ಳೆಯದು. ಆದರೆ ಯಕ್ಷಗಾನದ ವೇದಿಕೆಗೋ ನಾಟಕಕ್ಕೋ ಹೋಗಿ, ಸದ್ದಾಗಬಾರದೆಂದು ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಚಿತ್ರದಲ್ಲಿ ಅಡ್ಡಪಟ್ಟಿಗಳು ಮೂಡಬಹುದು. ನಮ್ಮ ಕರೆಂಟು 50 ಹರ್ಟ್ಸ್, ಎಷ್ಟೋ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಸೆನ್ಸರ್ ಸಾಲುಸಾಲಾಗಿ ಓದುವಾಗ ಆ ಮಿನುಗು ಪಟ್ಟಿಯಾಗಿ ಕೂರುತ್ತದೆ. ಅಲ್ಲಿ ಮಾತ್ರ 1/100 ಇಟ್ಟು, ಕೈ ಗಟ್ಟಿ ಹಿಡಿದು ತೆಗೆಯಿರಿ.

ಇದಕ್ಕಿಂತ ಅಗ್ಗದ ಆರ್100 ಸಿಗುತ್ತದೆ. ಅದರ ಸ್ಕ್ರೀನ್ ತಿರುಗುವುದಿಲ್ಲ, ಮುಟ್ಟಿದರೆ ಸ್ಪಂದಿಸುವುದೂ ಇಲ್ಲ. ಅದನ್ನು ಕೊಳ್ಳಿ ಎಂದು ನಾನಂತೂ ಹೇಳಲಾರೆ. ಸೋನಿ ಝಡ್‌ವಿ-ಇ10, ನಿಕಾನ್ ಝಡ್30 ಒಳ್ಳೆಯವೇ, ಆದರೆ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ. ನಡುಹಗಲಿನ ಬಿಸಿಲಲ್ಲಿ ಸ್ಕ್ರೀನ್ ಕಾಣದೆ ಪರದಾಡಬೇಕು.

ಅಣ್ಣನದೋ ಮಾವನದೋ ಹಳೆಯ ಕ್ಯಾನನ್ ಡಿಎಸ್‌ಎಲ್‌ಆರ್ ಮನೆಯಲ್ಲಿದ್ದರೆ ಅದರ ಲೆನ್ಸುಗಳನ್ನು ಮಾರಬೇಡಿ. ಕನ್ನಡಿಗೆ ಜಾಗ ಬೇಕಿದ್ದರಿಂದ ಆಗ ಲೆನ್ಸಿನ ಮೌಂಟಿಗೂ ಸೆನ್ಸರಿಗೂ 44 ಮಿ.ಮೀ. ಅಂತರವಿತ್ತು, ಈಗ 20. ನಡುವಿನ 24 ಮಿ.ಮೀ. ತುಂಬುವ ಅಡಾಪ್ಟರಿನಲ್ಲಿ ಗಾಜೇ ಇಲ್ಲ, ಬರೀ ಟೊಳ್ಳು ಕೊಳವೆ ಮತ್ತು ವಿದ್ಯುತ್ ಸಂಪರ್ಕ. ಚಿತ್ರದ ಗುಣಮಟ್ಟ ಕೆಡುವುದಿಲ್ಲ. ಆದರೆ ಕರಾವಳಿ, ಮಲೆನಾಡಿನ ಮಳೆಗಾಲ ಕಂಡ ಲೆನ್ಸಾದರೆ, ಹಿಂದಿನಿಂದ ಟಾರ್ಚ್ ಬಿಟ್ಟು ಗಾಜಿನ ಅಂಚಿನಲ್ಲಿ ಜೇಡನ ಬಲೆಯಂಥ ಬೂಷ್ಟಿನ ಎಳೆಗಳಿವೆಯೇ ಎಂದು ಮೊದಲು ನೋಡಿಕೊಳ್ಳಿ. ಬೂಷ್ಟು ಇಲ್ಲದಿದ್ದರೆ ಅಡಾಪ್ಟರ್ ಕೊಳ್ಳಿ, ಉಳಿದ ದುಡ್ಡಿಗೆ ಇನ್ನೊಂದು ಬ್ಯಾಟರಿ ಬರುತ್ತದೆ.