ಹಳೇ ರಂಗಮಂದಿರ ಕೆಡವಿ, ರಿಂಗ್ ರೋಡ್ ಆಚೆ ಹೊಸದು ಕಟ್ಟಬಾರದೇ?

ಪ್ರಶ್ನೆ: ಮೈಸೂರಿನ ರಂಗಮಂದಿರಗಳಿಗೆ ವಯಸ್ಸಾಗಿದೆ. ಊರೊಳಗೆ ಗಾಡಿ ನಿಲ್ಲಿಸಲೂ ಜಾಗ ಇಲ್ಲ. ಹಳೇದಕ್ಕೆ ತೇಪೆ ಹಾಕುತ್ತಾ ಕೂರುವ ಬದಲು ರಿಂಗ್ ರೋಡ್ ಆಚೆ ಒಂದು ದೊಡ್ಡ ರಂಗಮಂದಿರ ಕಟ್ಟಿಬಿಟ್ಟರೆ ಒಳ್ಳೇದಲ್ವಾ?

ಉತ್ತರ: ಕಾರು ಇರುವವರಿಗೆ ಒಳ್ಳೇದು. ಆದರೆ ನಾಟಕ ಮುಗಿಯುವ ಹೊತ್ತಿಗೆ ರಾತ್ರಿ ಎಂಟೂವರೆ, ಒಂಬತ್ತಾಗಿರುತ್ತದೆ. ಆಗ ಜನ ಮನೆ ಸೇರುವುದು ಹೇಗೆ? ಜಾಗ ಆರಿಸುವಾಗ ಮೊದಲು ಕೇಳಬೇಕಾದದ್ದು ಇದನ್ನೇ.

ನಮ್ಮ ಪುರಭವನವನ್ನೇ ನೋಡಿ. ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆ ಶುರುವಾದಾಗ ದಿವಾನರಾಗಿದ್ದ ರಂಗಾಚಾರ್ಲು ಅವರ ನೆನಪಿಗೆ 1884ರಲ್ಲಿ ಕಟ್ಟಿದ್ದು. ದೊಡ್ಡ ಗಡಿಯಾರದ ಪಕ್ಕದಲ್ಲೇ ಇದೆ. ಸಿಟಿ ಬಸ್ ನಿಲ್ದಾಣಕ್ಕೆ ನಡೆದೇ ಹೋಗಬಹುದು. ಪೌರಾಣಿಕ ನಾಟಕ ಇದ್ದ ದಿನ ಅಲ್ಲಿ ಕೂರುವವರಲ್ಲಿ ಸುತ್ತಲ ಹಳ್ಳಿಗಳಿಂದ ಬಸ್ಸಲ್ಲಿ ಬಂದವರು, ಮಾರುಕಟ್ಟೆ ಕೆಲಸ ಮುಗಿಸಿ ಬಂದವರು ಇರುತ್ತಾರೆ. ಇವರು ರಿಂಗ್ ರೋಡ್‌ವರೆಗೆ ಬರುವುದಿಲ್ಲ. ರಂಗಮಂದಿರ ದೂರ ಹೋದರೆ ಇವರ ಪಾಲಿಗೆ ನಾಟಕವೇ ದೂರವಾದಂತೆ. ಪಾರ್ಕಿಂಗ್ ಬೇಡ ಅಂತಲ್ಲ. ಅದೇ ಪುರಭವನದ ಅಂಗಳ ಅಗೆದು ಶುರು ಮಾಡಿದ ಪಾರ್ಕಿಂಗ್ ಕೆಲಸ ವರ್ಷಗಟ್ಟಲೆ ಎಳೆಯಿತು. ಕಾರಿಗೆ ಜಾಗ ಮಾಡುವ ಭರದಲ್ಲಿ ಪ್ರೇಕ್ಷಕರ ದಾರಿ ಮುಚ್ಚಬಾರದು ಅಷ್ಟೇ.

ಇನ್ನು ‘ದೊಡ್ಡ’ ರಂಗಮಂದಿರದ ಮಾತು. ದೊಡ್ಡ ಸಭೆ, ಪದವಿ ಪ್ರದಾನ, ದಸರಾ ಕಾರ್ಯಕ್ರಮಗಳಿಗೆ ಕಲಾಮಂದಿರ, ಜಗನ್ಮೋಹನ ಅರಮನೆಯ ಸಭಾಂಗಣ ಇವೆ. ಸಂಗೀತಕ್ಕೆ ಕುವೆಂಪುನಗರದ ವೀಣೆ ಶೇಷಣ್ಣ ಭವನ ಇದೆ. ಹವ್ಯಾಸಿ ತಂಡಗಳು ದಿನಾಂಕಕ್ಕಾಗಿ ಪರದಾಡುವುದು ಮಾತ್ರ ಕಿರುರಂಗಮಂದಿರದಂಥ ಚಿಕ್ಕ ಜಾಗಕ್ಕೆ. ಕಾರಣ ಸರಳ. ವೇದಿಕೆಯಿಂದ ಸುಮಾರು 20 ಮೀಟರ್ ದಾಟಿದರೆ ನಟನ ಮುಖದ ಭಾವ ಸರಿಯಾಗಿ ಕಾಣುವುದಿಲ್ಲ. ಮೈಕಿಲ್ಲದೆ ಮಾತು ಮುಟ್ಟಿಸುವುದೂ ಕಷ್ಟ. ಸರ್ಕಾರಿ ನಾಟಕ ಸಂಸ್ಥೆ ರಂಗಾಯಣದ ಚಿಕ್ಕ ರಂಗಮಂದಿರ ಭೂಮಿಗೀತದಲ್ಲಿ ನಾಟಕ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಸಾವಿರ ಸೀಟಿನದು ಒಂದು ಕಟ್ಟುವ ದುಡ್ಡಲ್ಲಿ ಮುನ್ನೂರು ಸೀಟಿನವು ಎರಡು ಆಗುವುದಾದರೆ, ನಾನು ಎರಡನ್ನೇ ಕೇಳುತ್ತೇನೆ. ಒಂದು ಊರ ನಡುವೆ, ಇನ್ನೊಂದು ಜನ ಜಾಸ್ತಿ ಇರುವ ಬಡಾವಣೆಯ ಬಸ್ ದಾರಿಯಲ್ಲಿ.

ಹಳೇದನ್ನು ಕೆಡವಬೇಕೋ ಬೇಡವೋ ಅನ್ನುವುದನ್ನು ಗೋಡೆ ನೋಡಿ ತೀರ್ಮಾನಿಸಲಾಗದು. ಇಟ್ಟಿಗೆ, ಸುಣ್ಣದ ಗಾರೆಯ ಕಟ್ಟಡದ ಕಾಯಿಲೆ ಬೇರೆ, ಕಾಂಕ್ರೀಟಿನದ್ದು ಬೇರೆ. ಸುಣ್ಣದ ಗೋಡೆ ತೇವ ಹೀರಿ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ನೀರು ಒಳಗೇ ಉಳಿದು ಗೋಡೆ ಸಡಿಲವಾಗುತ್ತದೆ. ಕಾಂಕ್ರೀಟಿನಲ್ಲಿ ತಾರಸಿ ಸೋರಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಚಕ್ಕೆ ಉದುರುತ್ತದೆ. ಕಾಂಕ್ರೀಟಿನ ತುಂಡು ಕೊರೆದು ತೆಗೆದು ಪರೀಕ್ಷಿಸಿದ ಮೇಲೆಯೇ ಮಾತಾಡಬೇಕು. ಪರೀಕ್ಷೆ ಮಾಡುವವರಿಗೆ ಹೊಸ ಕಟ್ಟಡದ ಗುತ್ತಿಗೆಯಲ್ಲಿ ಪಾಲಿರಬಾರದು. ಹಾಗಂತ ಮುಂದೂಡುತ್ತಲೂ ಇರುವಂತಿಲ್ಲ. 2012ರಲ್ಲಿ ಊರ ನಡುವಿನ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಈ ಎರಡನ್ನೂ ಕೆಡವಬೇಕೋ ಉಳಿಸಬೇಕೋ ಎಂಬ ಜಗಳ ಆಮೇಲೆ ಎಷ್ಟು ವರ್ಷ ನಡೆಯಿತು ಅಂತ ನೀವೇ ನೋಡಿದ್ದೀರಿ.

ಹೇಗೆ ಕಟ್ಟಬೇಕು ಅನ್ನುವ ವಿಚಾರಕ್ಕೆ ಬಂದರೆ, ನಮ್ಮಲ್ಲಿ ದುಡ್ಡೆಲ್ಲ ಮುಂಬಾಗಿಲಿಗೆ ಹೋಗುತ್ತದೆ. ಗ್ರಾನೈಟ್, ಗಾಜು, ಮೆತ್ತನೆ ಕುರ್ಚಿ. ಒಮ್ಮೆ ನಾಟಕದ ದಿನ ಮಧ್ಯಾಹ್ನ ಹಿಂಬಾಗಿಲ ಹತ್ತಿರ ನಿಂತು ನೋಡಿ. ಟೆಂಪೋದಿಂದ ಎಂಟಡಿ ಎತ್ತರದ ಸೆಟ್ ಇಳಿಯುತ್ತದೆ. ಬಾಗಿಲು ಏಳಡಿ. ಹುಡುಗರು ಅದನ್ನು ಓರೆ ಮಾಡಿ, ತಿರುಗಿಸಿ, ಮೂಲೆ ತರಚಿಸಿಕೊಂಡು ಒಳಗೆ ತಳ್ಳುತ್ತಾರೆ. ಒಳಗೆ ಲೈಟಿನವರು ಅಲ್ಲಾಡುವ ಏಣಿ ಮೇಲೆ ನಿಂತು, ಒಂದು ಕೈಲಿ ಸ್ಪಾಟ್ ಹಿಡಿದು ಇನ್ನೊಂದು ಕೈಲಿ ಬೋಲ್ಟ್ ಬಿಗಿಯುತ್ತಿರುತ್ತಾರೆ. ಲೈಟ್ ನೇತುಹಾಕುವ ಬಾರ್ ಕೆಳಗಿಳಿಯುವಂತೆ ಮಾಡಿದ್ದರೆ ಏಣಿಯೇ ಬೇಕಿರಲಿಲ್ಲ. ಗ್ರೀನ್ ರೂಮಿನಲ್ಲಿ ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ, ಗಾಲಿ ಕುರ್ಚಿಯಲ್ಲಿ ಬರುವ ನಟರಿಗೆ ವೇದಿಕೆಗೆ ಹತ್ತುವ ಇಳಿಜಾರು, ಮಾತಿಗೆ ಅಡ್ಡ ಬರದಷ್ಟು ಸದ್ದಿಲ್ಲದ ಎಸಿ, ಬೆಂಕಿ ಹಿಡಿಯದ ಪರದೆ. ಇವು ನಕ್ಷೆಯ ಹಂತದಲ್ಲೇ ಬರಬೇಕು. ಅದಕ್ಕೆ ನಕ್ಷೆ ಬರೆಯುವ ಮೇಜಿನ ಸುತ್ತ ಲೈಟಿನವರು, ಸೆಟ್ಟಿನವರು, ಊರಿನ ತಂಡಗಳವರು ಕೂರಬೇಕು. ಗುದ್ದಲಿ ಪೂಜೆಯ ದಿನ ಶಾಲು ಹೊದಿಸಲು ಕರೆದರೆ ಪ್ರಯೋಜನವಿಲ್ಲ.

ಬಾಡಿಗೆಯನ್ನೂ ಆಗಲೇ ಬರೆದಿಡಬೇಕು. ಹೊಸ ಕಟ್ಟಡದ ಕರೆಂಟ್ ಬಿಲ್ಲು ತಂಡಗಳ ತಲೆ ಮೇಲೆ ಬಂದರೆ, ಅಲ್ಲಿ ಮದುವೆ ಆರತಕ್ಷತೆ ನಡೆಯುತ್ತದೆ, ನಾಟಕ ನಡೆಯುವುದಿಲ್ಲ.

ಕೊನೆಗೆ ಕೆಲಸದ ಸಮಯ. ತಾರಸಿ ರಿಪೇರಿಗೆ ಮಳೆ ಇಲ್ಲದ ಬೇಸಿಗೆಯೇ ಸರಿ. ಆದರೆ ರಂಗಾಯಣದ ಮಕ್ಕಳ ಶಿಬಿರ ಚಿಣ್ಣರ ಮೇಳ ನಡೆಯುವುದೂ ಆಗಲೇ. ಮಳೆಗಾಲ ಮುಗಿಯುತ್ತಲೇ ದಸರಾ, ಅದಾದ ಮೇಲೆ ರಂಗಾಯಣದ ನಾಟಕೋತ್ಸವ ಬಹುರೂಪಿ. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಮುಚ್ಚುವಂತಿಲ್ಲ. ಒಂದರ ಕೆಲಸ ಮುಗಿದು ಮೊದಲ ಪ್ರದರ್ಶನ ಆದ ಮೇಲೆಯೇ ಇನ್ನೊಂದಕ್ಕೆ ಬೀಗ ಹಾಕಬೇಕು. ಈ ಷರತ್ತು ಟೆಂಡರಿನಲ್ಲೇ ಇರಲಿ ಅಂತ ಪಾಲಿಕೆ ಮತ್ತು ಸಂಸ್ಕೃತಿ ಇಲಾಖೆಯನ್ನು ನಾವು ಈಗಲೇ ಕೇಳಬೇಕು.